ಸಂಪನ್ಮೂಲ ಮತ್ತು ಸಾಮರ್ಥ್ಯ: ಚನ್ನಪಟ್ಟಣದ ಆಟಿಕೆ ಉದ್ಯಮದ ಅಂತರ್ಜಾಲ ಮಾರಾಟ

ಸಣ್ಣ ಉದ್ಯಮವೊಂದು ಅಂತರ್ಜಾಲ ಮಾರುಕಟ್ಟೆಯಲ್ಲಿ ಏಳಿಗೆ ಹೊಂದುವುದು ಅದರ ಸಂಪನ್ಮೂಲಗಳಿಂದಲೋ ಅವುಗಳನ್ನು ಬಳಸುವ ಸಾಮರ್ಥ್ಯದಿಂದಲೋ ಎಂಬ ಪ್ರಶ್ನೆಯ ಬೇರು, ಎಡಿತ್ ಪೆನ್‌ರೋಸ್ 1959ರಲ್ಲಿ ಪ್ರಕಟಿಸಿದ ಉದ್ಯಮ ಬೆಳವಣಿಗೆಯ ಸಿದ್ಧಾಂತದಲ್ಲಿದೆ. ಸಂಪನ್ಮೂಲವೇ ಬೇರೆ, ಅದರಿಂದ ದೊರೆಯುವ ಸೇವೆಯೇ ಬೇರೆ ಎಂದು ಆಕೆ ವಿಂಗಡಿಸಿದರು. ಮೌಲ್ಯಯುತವೂ ವಿರಳವೂ ಅನುಕರಣೆಗೆ ನಿಲುಕದ್ದೂ ಬದಲಿಯಿಲ್ಲದ್ದೂ ಆದ ಸಂಪನ್ಮೂಲವು ಸ್ಥಿರವಾದ ಮೇಲುಗೈ ನೀಡಬಲ್ಲದೆಂದು ಜೇ ಬಾರ್ನಿ 1991ರಲ್ಲಿ ವಾದಿಸಿದರು. ಈ ವಾದವನ್ನು ಒರೆಗೆ ಹಚ್ಚಲು ಚನ್ನಪಟ್ಟಣದ ಆಟಿಕೆ ಕಸುಬು ತಕ್ಕ ನಿದರ್ಶನ.

ಅಲ್ಲಿ ಸಂಪನ್ಮೂಲಗಳಿಗೆ ಕೊರತೆಯಿಲ್ಲ. ಆಲೆ ಮರದ ನಯವಾದ ಬಿಳಿ ಕಟ್ಟಿಗೆಯಿದೆ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಬಿಸಿಯಿಂದಲೇ ಕರಗಿಸಿ ಹಚ್ಚುವ ಕೈಚಳಕವಿದೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಇವೆಲ್ಲ ಊರಿನ ಸಾಮೂಹಿಕ ಸ್ವತ್ತು. ಹೊರಗಿನವರ ಎದುರು ವಿರಳವಾದುದು ನೆರೆಮನೆಯ ಕುಶಲಕರ್ಮಿಯ ಎದುರು ವಿರಳವಲ್ಲ. ಹೀಗಾಗಿ ಇಬ್ಬರು ನೆರೆಯವರ ಮಾರಾಟದಲ್ಲಿ ಕಾಣುವ ಅಂತರಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಅಂಗಡಿಗೆ ಬಂದವರು ಆಟಿಕೆಯನ್ನು ಕೈಯಲ್ಲಿ ಹಿಡಿದು ನುಣುಪನ್ನು ಪರೀಕ್ಷಿಸುತ್ತಾರೆ. ತೆರೆಯ ಮುಂದೆ ಕುಳಿತವರಿಗೆ ದೊರೆಯುವುದು ಚಿತ್ರ, ಅಳತೆ, ವಿವರಣೆ ಮತ್ತು ಹಿಂದಿನ ಗ್ರಾಹಕರ ಅಭಿಪ್ರಾಯ ಮಾತ್ರ. ಕೈಯಿಂದ ಕಡೆದ ಎರಡು ಆಟಿಕೆಗಳು ತದ್ರೂಪವಾಗಿರುವುದಿಲ್ಲ. ಅಂಗಡಿಯಲ್ಲಿ ಚೆಲುವೆನಿಸುವ ಈ ವ್ಯತ್ಯಾಸವೇ ಚಿತ್ರ ನೋಡಿ ಕೊಂಡವರು ಸರಕನ್ನು ಹಿಂದಿರುಗಿಸಲು ಕಾರಣವಾಗಬಹುದು. ಅಳತೆಯ ಏಕರೂಪತೆ, ಅರಗು ಸಿಡಿಯದಂತಹ ಕಟ್ಟುವಿಕೆ, ದಾಸ್ತಾನಿನ ಲೆಕ್ಕ, ಪ್ರಶ್ನೆಗಳಿಗೆ ತ್ವರಿತ ಉತ್ತರ, ಹಣ ಕೈಸೇರುವವರೆಗೆ ಕಾಯಬಲ್ಲ ದುಡಿಮೆಯ ಬಂಡವಾಳ: ಅಂತರ ಹುಟ್ಟುವುದು ಇಲ್ಲಿ. ಗಣಕಯಂತ್ರ ಕೊಂಡುದನ್ನೇ ಸಾಮರ್ಥ್ಯವೆಂದು ಎಣಿಸುವ ರೂಢಿ ಎಷ್ಟು ದುರ್ಬಲವೆಂಬುದು ಇದರಿಂದ ತಿಳಿಯುತ್ತದೆ.

ಕಾಗದಪತ್ರಗಳೂ ಸಂಪನ್ಮೂಲವೇ. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ವಿನಾಯಿತಿ ನೀಡಿದೆ. ಕಸುಬು ಬಲ್ಲವರಾದರೂ ನೋಂದಣಿಯಿಲ್ಲದವರಿಗೆ ಅದು ದಕ್ಕದು. ಅಂತರ್ಜಾಲ ಮಾರಾಟ ವೇದಿಕೆಗಳ ಮೂಲಕ ಸರಕು ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿಯಲ್ಲಿ ದೊರೆತ ಸಡಿಲಿಕೆಯೂ ರಾಜ್ಯದೊಳಗಿನ ಮಾರಾಟಕ್ಕಷ್ಟೇ ಸೀಮಿತ.

ಇವೆಲ್ಲ ಕೈಗೂಡದ ಮನೆಗಳಲ್ಲಿ ಆ ಸಾಮರ್ಥ್ಯವು ಮಧ್ಯವರ್ತಿಯ ವಶದಲ್ಲಿರುತ್ತದೆ. ಆಗ ಕಡೆಯುವವರಿಗೆ ಸಲ್ಲುವುದು ತುಂಡುಗೂಲಿ. ಗ್ರಾಹಕರ ಮೆಚ್ಚುಗೆ ಮಾರುವವರ ಖಾತೆಯಲ್ಲಿ ಜಮೆಯಾಗುತ್ತದೆ. ಯಾವ ಗಿಲಕಿಯನ್ನು ಮಕ್ಕಳು ಮೆಚ್ಚಿದರು, ಯಾವುದು ಮರಳಿ ಬಂತು ಎಂಬ ಸುದ್ದಿ ಲೇತಿನ ಬಳಿಗೆ ಬರುವುದೇ ಇಲ್ಲ.