ದೊರೆ ಕೋವಿ

ಚುನಾವಣೆ ಘೋಷಣೆಯಾದ ವಾರ ತರೀಕೆರೆಯ ಪೊಲೀಸ್ ಠಾಣೆಯ ಜಗಲಿ ನೋಡಬೇಕು. ಗೋಣಿಚೀಲದಲ್ಲಿ ಸುತ್ತಿದ ಕೋವಿ, ಹಳೇ ಪಂಚೆ ಹೊದ್ದ ಕೋವಿ, ಮೊಮ್ಮಗನ ಕ್ರಿಕೆಟ್ ಬ್ಯಾಟಿನ ಚೀಲಕ್ಕೆ ತುರುಕಿ ತಂದ ಕೋವಿ. ಬೈಕಿನ ಹಿಂದೆ ಕೂತವರು ಮಲಗಿದ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಇಳಿಯುತ್ತಾರೆ. ಅಜ್ಜಂಪುರದಲ್ಲೂ ಇದೇ, ಕಡೂರಿನಲ್ಲೂ ಇದೇ. ಲೋಕಸಭೆಗೆ ಕಡೂರಿನವರು ಹಾಸನಕ್ಕೆ ಮತ ಹಾಕುತ್ತಾರೆ, ತರೀಕೆರೆ–ಅಜ್ಜಂಪುರದವರು ಉಡುಪಿ–ಚಿಕ್ಕಮಗಳೂರಿಗೆ. ಕೋವಿ ಠೇವಣಿ ಇಡುವ ವಿಷಯದಲ್ಲಿ ಮಾತ್ರ ಮೂರೂ ಊರು ಒಂದೇ ಕ್ಷೇತ್ರ.

ಬಂದವುಗಳಲ್ಲಿ ಹೆಚ್ಚಿನವು 12 ಬೋರಿನ ತೋಟಾ ಕೋವಿಗಳು, ಒಂಟಿ ನಳಿಗೆಯವು, ಜೋಡಿ ನಳಿಗೆಯವು. ಮಧ್ಯೆ ಮಧ್ಯೆ ಮೂತಿಯಿಂದ ಮದ್ದು ಗಿಡಿಯುವ ಕೇಪಿನ ಕೋವಿ. ಅದರ ಕುದುರೆಗೆ ಸೈಕಲ್ ಟ್ಯೂಬು ಕಟ್ಟಿರುತ್ತದೆ. ಲೈಸೆನ್ಸಿನಲ್ಲಿ ಬರೆದಿರುವುದು ‘ಬೆಳೆ ರಕ್ಷಣೆ’. ಅಡಿಕೆ ತೋಟದ ಬುಡ ಬಗೆಯುವ ಹಂದಿ, ಎಳನೀರು ಕೆಡಹುವ ಮಂಗ, ಅಜ್ಜಂಪುರದ ಕಡೆಯಾದರೆ ಜೋಳದ ಹೊಲಕ್ಕೆ ನುಗ್ಗುವ ಜಿಂಕೆ. ಠಾಣೆಯ ರೈಟರು ನಂಬರು ಓದಿಸಿಕೊಂಡು ರಿಜಿಸ್ಟರಿಗೆ ಏರಿಸಿ, ಚೀಟಿ ಕಟ್ಟಿ ಒಳಗಿಡುತ್ತಾರೆ. ಒಂದಕ್ಕೆ ಐದು ನಿಮಿಷ.

ಸಾಲಿನಲ್ಲಿದ್ದ ಒಂದು ಕೋವಿಗೆ ಮಾತ್ರ ಐದು ನಿಮಿಷ ಸಾಲಲಿಲ್ಲ. ಪಂಚೆ ಬಿಚ್ಚಿದಾಗ ಒಳಗಿದ್ದದ್ದು ಬೋಲ್ಟ್ ಎಳೆಯುವ ರೈಫಲ್. ನಳಿಗೆಯ ಮೇಲೆ ಮಡಚುವ ಗುರಿಪಟ್ಟಿಗಳು, ಹಿಡಿಯ ಹೊಟ್ಟೆಯಲ್ಲಿ ಕಪ್ಪಾದ ಬೆಳ್ಳಿಯ ಸಣ್ಣ ಬಿಲ್ಲೆ. ರೈಟರು ಹಿಂದಿನ ಚುನಾವಣೆಯ ಪುಟ ತಿರುವಿ ಅಲ್ಲಿದ್ದಂತೆಯೇ .315 ಎಂದು ಬರೆದರು. ಈ ಸೀಮೆಯಲ್ಲಿ ರೈಫಲ್ ಅಂದರೆ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ .315 ಎಂದೇ ಲೆಕ್ಕ. ಕೋವಿ ತಂದ ಹಿರಿಯರಿಗೆ ಆ ಅಂಕಿಯಲ್ಲಿ ಆಸಕ್ತಿಯಿರಲಿಲ್ಲ. “ಇದು ಆಂಡರ್ಸನ್ ದೊರೆ ಕೋವಿ ಕಣ್ರೀ. ನಮ್ಮಜ್ಜಂಗೆ ಕೊಟ್ಟು ಹೋಗಿದ್ದು” ಅಂದರು. ಸಾಲಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು.

ಈ ಮಾತು ಇಲ್ಲಿ ಹುಟ್ಟಲು ಕಾರಣವಿದೆ. ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ 1954ರ ತಮ್ಮ ಮೊದಲ ಪುಸ್ತಕದಲ್ಲೇ ಎಮ್ಮೆದೊಡ್ಡಿಯ ನರಭಕ್ಷಕನ ಕತೆ ಬರೆದಿದ್ದಾರೆ. ಎಮ್ಮೆದೊಡ್ಡಿ ಇರುವುದು ಕಡೂರು ತಾಲ್ಲೂಕಿನಲ್ಲಿ, ಬಾಬಾಬುಡನ್ ಬೆಟ್ಟದ ಬುಡಕ್ಕೆ. ಒಂದು ಕಡೆ ಅಯ್ಯನಕೆರೆ, ಇನ್ನೊಂದು ಕಡೆ ಜನಪದ ಹಾಡು ನಮ್ಮದೇ ಎಂದು ಕಡೂರಿನವರು ಹೇಳಿಕೊಳ್ಳುವ ಮದಗದ ಕೆರೆ, ಮೇಲೆ ಹೊಗರೇಖಾನಿನ ಕಾಡು. ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಆಂಡರ್ಸನ್ನರನ್ನು ಕನ್ನಡಕ್ಕೆ ತಂದ ಮೇಲಂತೂ ಬೀರೂರಿನಿಂದ ಲಕ್ಕವಳ್ಳಿಯವರೆಗೆ ಅಜ್ಜಂದಿರೆಲ್ಲ ಒಂದಲ್ಲ ಒಂದು ರಾತ್ರಿ ಆಂಡರ್ಸನ್ ಜೊತೆ ಮರಸು ಕೂತವರಾಗಿಬಿಟ್ಟರು. ಅಂದಹಾಗೆ ಆಂಡರ್ಸನ್ ದೊರೆಯೇನಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಸಂಬಳಕ್ಕೆ ದುಡಿದು, ರಜೆ ಹೊಂದಿಸಿಕೊಂಡು ಕಾಡಿಗೆ ಬರುತ್ತಿದ್ದವರು.

ಅವರ ಕೈಯಲ್ಲಿರುತ್ತಿದ್ದುದು .405 ವಿಂಚೆಸ್ಟರ್, 1895ರ ಮಾದರಿ. ಅದಕ್ಕೆ ಬೋಲ್ಟಿನ ಹಿಡಿ ಇಲ್ಲ. ಟ್ರಿಗರಿನ ಸುತ್ತ ಇರುವ ಬಳೆಯನ್ನೇ ಕೆಳಗೆ ಒತ್ತಿ ಮೇಲೆಳೆದರೆ ತೋಟಾ ಏರುತ್ತದೆ. ಬಲಕ್ಕೆ ಬೋಲ್ಟಿನ ಹಿಡಿ ಚಾಚಿಕೊಂಡಿರುವ ಈ ಕೋವಿ ಅದಲ್ಲವೆಂದು ಹತ್ತು ಅಡಿ ದೂರದಿಂದಲೇ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಹಿರಿಯರ ಮುಖ ನೋಡಿದರೆ ಹೇಳುವ ಮನಸ್ಸೂ ಬರುವಂತಿರಲಿಲ್ಲ.

ಮತ ಎಣಿಕೆ ಮುಗಿದು ಕೋವಿ ಬಿಡಿಸಿಕೊಂಡ ಮೇಲೆ ಆ ಹಿರಿಯರ ಮೊಮ್ಮಗ ಅದನ್ನು ರಿಪೇರಿಗೆ ಒಯ್ಯೋಣವೆಂದ. ಹಿಡಿ ಸೀಳಿತ್ತು, ಬೋಲ್ಟ್ ಬಿಗಿದಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ದುರಸ್ತಿಗೂ ಲೈಸೆನ್ಸ್ ಬೇಕು. ಊರ ಲೇತ್ ಅಂಗಡಿಗೆ ಕೊಡುವಂತಿಲ್ಲ, ಮನೆಯ ಹಿತ್ತಲಲ್ಲಿ ಬಿಚ್ಚಿ ಹರಡುವಂತಿಲ್ಲ. ಹಾಗಾಗಿ ಹಿರಿಯರೇ ಲೈಸೆನ್ಸ್ ಪುಸ್ತಕ ಹಿಡಿದುಕೊಂಡು, ಪಕ್ಕದ ಜಿಲ್ಲೆಯಲ್ಲಿ ಪರವಾನಗಿ ಇರುವ ಒಬ್ಬ ಕೋವಿ ಮೇಸ್ತ್ರಿಯ ಮುಂದೆ ಕೂತರು.

ಮೇಸ್ತ್ರಿ ಮೊದಲು ಕೇಳಿದ್ದು ಕೋವಿಯನ್ನಲ್ಲ, ಕಾಗದವನ್ನು. ಅಜ್ಜನ ಕಾಲದ ಲೈಸೆನ್ಸಿನ ಹರಕು ಹಾಳೆಯೊಂದು ಸಿಕ್ಕಿತು. ‘ರೈಫಲ್ ಒಂದು’ ಎಂದಷ್ಟೇ ಇತ್ತು, ಬೋರಿನ ಸುದ್ದಿಯಿಲ್ಲ. ಆದರೆ ತಲೆಬರಹದಲ್ಲಿ ‘ಕಡೂರು ಡಿಸ್ಟ್ರಿಕ್ಟ್’ ಎಂದಿತ್ತು. ಇಡೀ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದದ್ದು 1947ರವರೆಗೆ. ಅಂದರೆ ಆಂಡರ್ಸನ್ನರ ಪುಸ್ತಕ ಅಚ್ಚಾಗುವ ಹೊತ್ತಿಗೆ ಈ ಕೋವಿ ಆಗಲೇ ಈ ಮನೆಯ ಗೂಟದಲ್ಲಿತ್ತು.

ಆಮೇಲೆ ಉಕ್ಕಿನ ಸರದಿ. ನಳಿಗೆಯ ಮೇಲಿನ ಬರಹ ಮುಕ್ಕಾಲು ಅಳಿಸಿಹೋಗಿತ್ತು. ಅಳಿಸಿದ್ದು ಕಾಡಲ್ಲ, ಮಳೆಯೂ ಅಲ್ಲ, ಆಯುಧಪೂಜೆ. ವರ್ಷಕ್ಕೊಮ್ಮೆ ಕೆಳಗಿಳಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಫಳಫಳ ಮಾಡಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಮೇಲಕ್ಕೆ. ಭಕ್ತಿ ಹೆಚ್ಚಾದ ಮನೆಯ ಕೋವಿಯಲ್ಲಿ ಅಕ್ಷರ ಉಳಿಯುವುದಿಲ್ಲ ಎಂಬುದು ಮೇಸ್ತ್ರಿಯ ಅನುಭವ. ಒದ್ದೆ ಕುಂಕುಮ ಕೂತಲ್ಲೆಲ್ಲ ಸಣ್ಣ ಸಣ್ಣ ಗುಳಿ. ಬೆಳಕನ್ನು ಓರೆಯಾಗಿ ಹಾಯಿಸಿ ನೋಡಿದಾಗ ‘31’ ಎಂದೂ, ಪಕ್ಕದಲ್ಲೊಂದು ಬೋಳು ಜಾಗವೂ ಕಂಡಿತು. ಠಾಣೆಯ .315ರ ಮೂಲ ಇದೇ ಇದ್ದೀತು.

ಹಿಡಿಯ ಸ್ಕ್ರೂ ಬಿಚ್ಚಿ ಮರದಿಂದ ನಳಿಗೆ ಬೇರೆ ಮಾಡಿದರೆ ಉಪ್ಪುಕಾಗದ ತಲುಪದ ಜಾಗ. ಅಲ್ಲಿ ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂಬ ಇಂಗ್ಲಿಷ್ ಅಕ್ಷರಗಳ ಮೂರು ಪುಟ್ಟ ಮುದ್ರೆ, ನಿನ್ನೆ ಒತ್ತಿದಷ್ಟು ಸ್ಪಷ್ಟ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರತಿ ನಳಿಗೆಗೂ ಮಿತಿಮೀರಿದ ಮದ್ದು ತುಂಬಿ ಹೊಡೆದು, ಸಿಡಿಯದೆ ಉಳಿದವಕ್ಕೆ ಒತ್ತುತ್ತಿದ್ದ ಪರೀಕ್ಷೆಯ ಗುರುತು ಇದು. ಈ ಮೂರು ಮುದ್ರೆಗಳ ಪದ್ಧತಿ ಶುರುವಾದದ್ದು 1904ರಲ್ಲಿ. 1921ರಿಂದ ಅವರು ವರ್ಷಕ್ಕೊಂದರಂತೆ ಗುಟ್ಟಿನ ಅಕ್ಷರವನ್ನೂ ಸೇರಿಸತೊಡಗಿದರು. ಇಲ್ಲಿ ಅದಿಲ್ಲ. ಮೇಸ್ತ್ರಿ ಸ್ಲೇಟಿನ ಮೇಲೆ ಎರಡೂ ವರ್ಷ ಬರೆದು ನಡುವೆ ಗೆರೆ ಎಳೆದ.

ಬೋರು ತಿಳಿಯಲು ಗಂಧಕ ಬೇಕಾಯಿತು. ನಳಿಗೆಗೆ ಬಿರಡೆ ಹಾಕಿ, ತೋಟಾ ಕೂರುವ ಗೂಡಿಗೆ ಕರಗಿಸಿದ ಗಂಧಕ ಹೊಯ್ದು, ಗಟ್ಟಿಯಾದ ಮೇಲೆ ಮೆಲ್ಲಗೆ ತಟ್ಟಿದರೆ ಗೂಡಿನ ಪಡಿಯಚ್ಚು ಹೊರಬರುತ್ತದೆ. ಅಂಗಡಿ ತುಂಬ ಕೆಟ್ಟ ವಾಸನೆ. ಮೈಕ್ರೋಮೀಟರಿನಲ್ಲಿ ಸುರುಳಿಗೀರಿನ ತಳದಿಂದ ತಳಕ್ಕೆ ಅಳೆದರೆ ಇಂಚಿನ ಸಾವಿರದಲ್ಲಿ 330 ಭಾಗ. .315 ತೋಟಾದ ಬುಡಕ್ಕೆ ಹೊರಚಾಚಿದ ಅಂಚಿರುತ್ತದೆ. ಈ ಅಚ್ಚಿನಲ್ಲಿ ಅಂಚಿನ ಗುರುತೇ ಇಲ್ಲ. ಹೆಸರಲ್ಲಿ .318, ಗುಂಡಿನಲ್ಲಿ .330 ಇರುವ ತೋಟಾ ಒಂದೇ: ವೆಸ್ಟ್ಲಿ ರಿಚರ್ಡ್ಸ್ ಕಂಪನಿ 1910ರಲ್ಲಿ ಹೊರತಂದ .318. ಸ್ಲೇಟಿನ ಮೇಲೆ 1904 ಅಳಿಸಿ 1910 ಆಯಿತು. ಜರ್ಮನಿಯ ಮೌಸರ್ ಯಂತ್ರಕ್ಕೆ ಬರ್ಮಿಂಗ್‌ಹ್ಯಾಮಿನ ನಳಿಗೆ ಕೂರಿಸಿ, ಕೊಳ್ಳುವವರ ತೋಳಿನ ಅಳತೆಗೆ ವಾಲ್‌ನಟ್ ಮರದ ಹಿಡಿ ಕೆತ್ತಿ ಮಾಡಿದ್ದು. ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಭಾರತದಲ್ಲಿ ನಿರ್ಬಂಧ ಹೇರಿದ್ದರಿಂದ ಇಂಥ ಬೇರೆ ಬೇರೆ ಬೋರುಗಳಿಗೆ ಇಲ್ಲಿ ಗಿರಾಕಿ ಇತ್ತು.

ನನಗೆ ಹಿಡಿಸಿದ್ದು ಇದಾದ ಮೇಲಿನ ಜಗಳ. ಮೊಮ್ಮಗನಿಗೆ ಕೋವಿ ಹೊಸದರ ಹಾಗೆ ಕಾಣಬೇಕು: ಬಫ್ ಹೊಡೆಸಿ, ಹಿಡಿಗೆ ವಾರ್ನಿಷ್ ಬಳಿಸಿ, ಸಾಧ್ಯವಾದರೆ ಬೆಳ್ಳಿ ಬಿಲ್ಲೆಯ ಮೇಲೆ ಮನೆತನದ ಹೆಸರು. ಮೇಸ್ತ್ರಿ ಒಂದಕ್ಕೂ ಒಪ್ಪಲಿಲ್ಲ. “ಉಳಿದಿರೋ ಎರಡಕ್ಷರಾನೂ ಅಳಿಸಬೇಕಾ?” ಎಂದು ಕೇಳಿದ. ಅವನ ಪಕ್ಷವೇ ನನ್ನದೂ. ಬಫ್ ಚಕ್ರಕ್ಕೆ ಕೊಟ್ಟ ಹಳೆ ಕೋವಿಯ ಮೂಲೆಗಳೆಲ್ಲ ಉರುಟಾಗಿ ಅದು ಚೀಪಿದ ಮಾವಿನ ವಾಟೆಯಾಗುತ್ತದೆ.

ಹಾಗೆಂದು ಮಾಡಲು ಕೆಲಸ ಕಡಿಮೆಯೇನಿರಲಿಲ್ಲ. ಹಳೆಯ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕ ಸುಟ್ಟ ಮೇಲೆ ಉಪ್ಪಿನಂಥ ಪದಾರ್ಥ ಉಳಿಯುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ಈಡು ಹೊಡೆದ ರಾತ್ರಿಯೇ ನಳಿಗೆಗೆ ಕುದಿನೀರು ಹೊಯ್ದು ತೊಳೆಯದಿದ್ದರೆ ತರೀಕೆರೆಯ ಜಡಿಮಳೆಯಲ್ಲಿ ಒಳಗೆಲ್ಲ ತುಕ್ಕು. ಎಣ್ಣೆ ಒರೆಸಿದರೆ ಉಪ್ಪು ಹೋಗುವುದಿಲ್ಲ, ನೀರೇ ಬೇಕು. ಅಜ್ಜನಿಗೆ ಇದು ಅರ್ಧ ಗೊತ್ತಿತ್ತೆಂದು ಕಾಣುತ್ತದೆ: ಮೂತಿಯ ಕಡೆ ಗುಳಿ ಬಿದ್ದಿತ್ತು, ಬುಡದ ಕಡೆ ಗೀರುಗಳು ಇನ್ನೂ ಚೂಪು. ಹಿಡಿಗೆ ವರ್ಷಗಟ್ಟಲೆ ಕುಡಿಸಿದ್ದ ಎಣ್ಣೆಯಿಂದ ಮರ ಮೆತ್ತಗಾಗಿತ್ತು. ಸೀಮೆಸುಣ್ಣದ ಪುಡಿ ಮೆತ್ತಿ ಬಿಸಿಲಿಗಿಟ್ಟು, ಕಪ್ಪಾದ ಪುಡಿ ಉದುರಿಸಿ, ಮತ್ತೆ ಮೆತ್ತಿ ಎಣ್ಣೆ ಹೊರಗೆಳೆದರು. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಹಬೆಗೆ ಮರ ಉಬ್ಬಿ ಸಮವಾಯಿತು. ಸೀಳಿಗೆ ಒಳಗಿನಿಂದ ಅಂಟು. ಕೊನೆಗೆ ಅಗಸೆ ಎಣ್ಣೆ, ಅಂಗೈಯಲ್ಲಿ ತಿಕ್ಕಿ ತಿಕ್ಕಿ, ಹನಿ ಹನಿಯಾಗಿ.

ಉಕ್ಕಿನ ಬಣ್ಣದ್ದೇ ಒಂದು ತಮಾಷೆ. ಹಳೆ ಕಾಲದ ಆ ಕಪ್ಪು-ನೀಲಿ ಬಣ್ಣ ಬರಿಸುವುದು ತುಕ್ಕು ಹಿಡಿಸಿಯೇ. ದ್ರಾವಣ ಸವರಿ, ತೆಳ್ಳಗೆ ಕೆಂಪು ತುಕ್ಕು ಬಂದ ಮೇಲೆ ಕುದಿನೀರಿಗೆ ಹಾಕಿದರೆ ಅದು ಕಪ್ಪಾಗುತ್ತದೆ. ಉಜ್ಜಿ, ಮತ್ತೆ ಸವರಿ, ಮತ್ತೆ ಕುದಿಸಿ. ಮೇಸ್ತ್ರಿ ಇದನ್ನು ಮಾಡಿದ್ದು ತಾನು ಹೊಸದಾಗಿ ಕಡೆದ ಎರಡು ಸ್ಕ್ರೂಗಳಿಗೆ ಮಾತ್ರ. ನಳಿಗೆ ಇದ್ದಂತೆಯೇ ಬೂದುಬಣ್ಣದಲ್ಲಿ ಉಳಿಯಿತು.

ಈ ಕೋವಿ ಸಿಡಿಯುವುದು ಇನ್ನು ಅನುಮಾನ. .318 ತೋಟಾ ನಮ್ಮ ಕಾರ್ಖಾನೆಗಳಲ್ಲಿ ತಯಾರಾಗುವುದಿಲ್ಲ. ಅದು ಗುರಿಯಿಟ್ಟಿದ್ದ ಕಾಡೂ ಇನ್ನು ಬೇಟೆಯದಲ್ಲ. 1972ರ ವನ್ಯಜೀವಿ ಕಾಯ್ದೆ ಬಂತು. ಲಕ್ಕವಳ್ಳಿ–ಮುತ್ತೋಡಿಯ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಡೂರಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು. ಬೇಟೆಗೆ ಕೋವಿ ಹಿಡಿದು ಕಾಯುತ್ತ ಬಿಲ್ಲಿಗೆ ನಿಲ್ಲುವ ಮಾತು ಈಗ ಮುದುಕರ ಬಾಯಲ್ಲಷ್ಟೇ. 2023ರಲ್ಲಿ ಹುಲಿಯುಗುರಿನ ಲಾಕೆಟ್ ತೊಟ್ಟವರ ಮೇಲೆ ಕೇಸಾಗಿ ಗಲಾಟೆಯೆದ್ದಾಗ ಅದೆಷ್ಟು ಮನೆಗಳ ಗೋಡೆಯಿಂದ ಕೊಂಬುಗಳು ರಾತ್ರೋರಾತ್ರಿ ಇಳಿದವೋ. ಕಾಗದಪತ್ರ ಸರಿಯಿದ್ದ ಕೋವಿ ಮಾತ್ರ ಗೂಟದಲ್ಲೇ ಉಳಿಯಿತು.

ಕೋವಿ ಒಪ್ಪಿಸುವ ದಿನ ಮೇಸ್ತ್ರಿ ಸ್ಲೇಟು ತೋರಿಸಿ ಹಿರಿಯರಿಗೆ ಎಲ್ಲ ಬಿಡಿಸಿ ಹೇಳಿದ. ಇದು .315 ಅಲ್ಲ, .318, ಠಾಣೆಗೂ ಡಿ.ಸಿ. ಕಚೇರಿಗೂ ಅರ್ಜಿ ಕೊಟ್ಟು ತಿದ್ದಿಸಿಕೊಳ್ಳಿ. ತಯಾರಾದದ್ದು 1910ರಿಂದ 1921ರೊಳಗೆ. ಆಂಡರ್ಸನ್ ಹುಟ್ಟಿದ್ದೇ 1910ರಲ್ಲಿ. ಅವರ ಕೋವಿಯ ಜಾತಿಯೇ ಬೇರೆ. ಹಿರಿಯರು ಸಾವಧಾನವಾಗಿ ಕೇಳಿಸಿಕೊಂಡರು, ಬೋಲ್ಟನ್ನು ಎರಡು ಸಲ ಎಳೆದು ನೋಡಿದರು, ಪಂಚೆ ಸುತ್ತಿಕೊಂಡು ಎದ್ದು ನಿಂತರು.

“ಹಂಗಾದ್ರೆ ಅವರಪ್ಪ ದೊರೆದಿರಬೇಕು” ಅಂದರು.