ಎಂಜಿನ್ ತಯಾರಿ ನಗರದಲ್ಲಿ, ಪರೀಕ್ಷೆ ಬೆಟ್ಟದ ತಪ್ಪಲಲ್ಲಿ: ಏಕೆ?

ಬೆಂಗಳೂರು: ರಾಕೆಟ್ ಎಂಜಿನ್ ತಯಾರಿಕೆಯಲ್ಲಿ ಬೆಂಗಳೂರಿಗೆ ಮಹತ್ವದ ಸ್ಥಾನವಿದೆ. ಎಚ್‌ಎಎಲ್‌ನ ಕ್ರಯೋಜೆನಿಕ್ ಎಂಜಿನ್ ತಯಾರಿಕಾ ಘಟಕವನ್ನು 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಇಲ್ಲಿ ಉದ್ಘಾಟಿಸಿದರು. ಆದರೆ ಇಸ್ರೋದ ದೊಡ್ಡ ದ್ರವ ಇಂಧನ ಎಂಜಿನ್‌ಗಳನ್ನು ಉರಿಸಿ ನೋಡುವುದು ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಮಹೇಂದ್ರಗಿರಿಯಲ್ಲಿ.

ಇದಕ್ಕೆ ಮೊದಲ ಕಾರಣ ಇಂಧನ. ವಿಕಾಸ್ ಎಂಜಿನ್‌ನಲ್ಲಿ ಬಳಸುವ ಹೈಡ್ರಜೀನ್ ವರ್ಗದ ಇಂಧನ ಹಾಗೂ ನೈಟ್ರೋಜನ್ ಟೆಟ್ರಾಕ್ಸೈಡ್ ಎರಡೂ ವಿಷಕಾರಿ. ಸೋರಿದರೆ ಅವುಗಳ ಆವಿ ಗಾಳಿ ಬೀಸಿದತ್ತ ಹರಡುತ್ತದೆ. ಕ್ರಯೋಜೆನಿಕ್ ಎಂಜಿನ್‌ಗೆ ಬೇಕಾದ ದ್ರವ ಜಲಜನಕದ ಉಷ್ಣಾಂಶ ಮೈನಸ್ 253 ಡಿಗ್ರಿ ಸೆಲ್ಸಿಯಸ್. ಅದು ಸೋರಿ ಅನಿಲವಾದಾಗ, ಗಾಳಿಯಲ್ಲಿ ಅದರ ಪ್ರಮಾಣ ಶೇ 4ರಷ್ಟಾದರೂ ಬೆಂಕಿ ಹೊತ್ತಿಕೊಳ್ಳಬಹುದು. ಹಗಲಿನಲ್ಲಿ ಆ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ.

ಎರಡನೆಯದು ಪರೀಕ್ಷೆಯ ಸ್ವರೂಪ. ದೋಷವನ್ನು ಪತ್ತೆಹಚ್ಚುವುದೇ ಅದರ ಉದ್ದೇಶ. 2023ರ ಜುಲೈ 1ರಂದು ಮಹೇಂದ್ರಗಿರಿಯಲ್ಲಿ ಸೆಮಿ ಕ್ರಯೋಜೆನಿಕ್ ಎಂಜಿನ್‌ನ ಪ್ರಮುಖ ಭಾಗದ ಪರೀಕ್ಷೆಯನ್ನು 4.5 ಸೆಕೆಂಡ್‌ಗೆ ಯೋಜಿಸಲಾಗಿತ್ತು. ಟರ್ಬೈನ್ ಒತ್ತಡ ಹಠಾತ್ತನೆ ಏರಿದ್ದರಿಂದ 1.9 ಸೆಕೆಂಡ್‌ಗೇ ಅದನ್ನು ನಿಲ್ಲಿಸಬೇಕಾಯಿತು. 2025ರ ಮಾರ್ಚ್ 28ರಂದು ಇಂಥ ಪರೀಕ್ಷೆ ಯಶಸ್ವಿಯಾಯಿತು.

ಯಂತ್ರವನ್ನು ಬಿಗಿದು ಕಟ್ಟಿದರೆ ಸಾಲದೇ ಎಂಬ ಪ್ರಶ್ನೆಗೆ ಚೀನಾದ ಘಟನೆ ಉತ್ತರ ನೀಡುತ್ತದೆ. 2024ರ ಜೂನ್ 30ರಂದು ಹೆನಾನ್ ಪ್ರಾಂತ್ಯದ ಗೊಂಗ್ಯಿ ನಗರದ ಬಳಿ ಖಾಸಗಿ ಕಂಪನಿಯೊಂದರ ತಿಯಾನ್‌ಲಾಂಗ್-3 ರಾಕೆಟ್‌ನ ಮೊದಲ ಹಂತವು ಪರೀಕ್ಷಾ ಕಟ್ಟೆಯಿಂದ ಕಿತ್ತುಕೊಂಡು ಮೇಲೇರಿತು. ಸುಮಾರು 1.5 ಕಿ.ಮೀ. ದೂರದ ಗುಡ್ಡಗಳಲ್ಲಿ ಬಿದ್ದು ಸ್ಫೋಟಿಸಿತು. ಸುತ್ತಲಿನವರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಜೀವಹಾನಿ ತಪ್ಪಿತು.

ಈ ಅಳತೆಯನ್ನು ಪಶ್ಚಿಮ ಬೆಂಗಳೂರಿಗೆ ಅನ್ವಯಿಸಿ ನೋಡಬಹುದು. 1.5 ಕಿ.ಮೀ. ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 1,750 ಎಕರೆ. ನಗರದ ವಿಶಾಲ ಬಯಲುಗಳಲ್ಲಿ ಒಂದಾದ ಜ್ಞಾನಭಾರತಿ ಆವರಣ ಇರುವುದು ಸುಮಾರು 1,100 ಎಕರೆ. ಆವರಣದ ನಡುವೆ ನಿಂತು ಗೆರೆ ಎಳೆದರೂ ನಾಗರಬಾವಿ, ಮಲ್ಲತ್ತಹಳ್ಳಿಯ ಮನೆಗಳು ಅದರೊಳಗೆ ಬರುತ್ತವೆ.

ಸಣ್ಣ ಪ್ರಯೋಗವೆಂದು ಉದಾಸೀನ ಮಾಡುವಂತೆಯೂ ಇಲ್ಲ. ಅಮೆರಿಕದ ಮೊಹಾವಿಯಲ್ಲಿ 2007ರ ಜುಲೈ 26ರಂದು ನೈಟ್ರಸ್ ಆಕ್ಸೈಡ್ ಹರಿವಿನ ಪರೀಕ್ಷೆ ನಡೆದಿತ್ತು. ಎಂಜಿನ್ ಉರಿಸಿರಲೇ ಇಲ್ಲ. ಆದರೂ ಸ್ಫೋಟ ಸಂಭವಿಸಿ ಮೂವರು ಮೃತಪಟ್ಟರು.

ತಡೆಗೋಡೆ, ದೂರನಿಯಂತ್ರಣ, ಅಗ್ನಿಶಾಮಕ ವ್ಯವಸ್ಥೆಗಳೆಲ್ಲವೂ ಅಗತ್ಯ. ಆದರೆ ಅವೆಲ್ಲವೂ ಕೈಕೊಟ್ಟಾಗ ಜೀವ ಉಳಿಸುವುದು ದೂರವೊಂದೇ. ಬೆಳೆದ ನಗರದಲ್ಲಿ ಅದನ್ನು ಸೃಷ್ಟಿಸಲಾಗದು.