ನೇರಳೆ ಹರಳಿಗೆ ಬಗ್ಗದ ಪೆಟ್ರೋಲ್

ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ತೋಟದ ಬಾವಿ ನೀರು ಎರಡು ತಿಂಗಳಿಂದ ಪೆಟ್ರೋಲ್ ವಾಸನೆ ಹೊಡೆಯುತ್ತಿದೆ. ರಸ್ತೆಯಾಚೆ ಒಂದು ಬಂಕ್ ಇದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದರೆ ಎಲ್ಲ ಸುಟ್ಟುಹೋಗುತ್ತೆ ಅಂತಾರೆ ನಮ್ಮ ದೊಡ್ಡಪ್ಪ. ಎಷ್ಟು ಹಾಕಬೇಕು ಸಾರ್?"

ದೊಡ್ಡಪ್ಪನವರು ಹೇಳಿದ 'ಸುಟ್ಟುಹೋಗುತ್ತೆ' ಎಂಬ ಮಾತು ನೂರಕ್ಕೆ ನೂರು ಸರಿ. ಆರಿಸಿಕೊಂಡ ಹರಳು ಮಾತ್ರ ಈ ಕೆಲಸದ್ದಲ್ಲ.

ಬಾವಿಗೆ ಈ ನೇರಳೆ ಹರಳು ಹಾಕುವ ರೂಢಿ ನಮ್ಮ ದೇಶದಲ್ಲಿ ಹಳೆಯದು. ಆಗ್ರಾದಲ್ಲಿ ಕೆಲಸಕ್ಕಿದ್ದ ವಿಜ್ಞಾನಿ ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್ 1890ರ ದಶಕದಲ್ಲಿ ಕಾಲರಾ ತಡೆಯಲು ಬಾವಿಗಳಿಗೆ ಇದನ್ನು ಹಾಕಿಸಿದರು. ನಾನು ಚಿಕ್ಕವನಿದ್ದಾಗ ನಮ್ಮೂರಿನ ಬಾವಿಗೂ ಹಾಕುತ್ತಿದ್ದರು. ಮರುದಿನ ಕೊಡದಲ್ಲಿ ತಿಳಿಗುಲಾಬಿ ನೀರು ಬಂದರೆ ನಮಗೆಲ್ಲ ಸಂಭ್ರಮ. ಹರಳು ಮುಟ್ಟಿದ ಬೆರಳಿನ ಉಗುರು ಮಾತ್ರ ಕಂದಾಗಿ, ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ನಿಂಬೆಹೋಳಿನಿಂದ ಉಜ್ಜಿದರೆ ಹೋಗುತ್ತಿತ್ತು. ಹಾಗೇಕೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಪರ್ಮಾಂಗನೇಟ್ ಒಂದು ಉತ್ಕರ್ಷಕ. ಎದುರಿಗೆ ಸಿಕ್ಕ ವಸ್ತುವಿನಿಂದ ಎಲೆಕ್ಟ್ರಾನ್ ಕಸಿಯುವುದು ಅದರ ಕೆಲಸ. ಒಲೆಯಲ್ಲಿ ಸೌದೆಗೆ ಆಗುವುದೂ ಇದೇ. ಇಲ್ಲಿ ಉರಿ ಇಲ್ಲ, ಹೊಗೆ ಇಲ್ಲ, ನೀರಿನೊಳಗೇ ಸುಡುತ್ತದೆ, ಅಷ್ಟೆ. ಸುಡುತ್ತ ಸುಡುತ್ತ ಪರ್ಮಾಂಗನೇಟ್ ತಾನೂ ತೀರಿಹೋಗಿ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕಂದು ಪುಡಿಯಾಗುತ್ತದೆ. ನನ್ನ ಉಗುರಿನ ಕಲೆ ಅದೇ. ನೇರಳೆ ಇದ್ದರೆ ಶಕ್ತಿ ಉಳಿದಿದೆ ಎಂದರ್ಥ, ಕಂದಾದರೆ ಮುಗಿಯಿತು. ತನ್ನ ಲೆಕ್ಕವನ್ನು ತಾನೇ ಬಣ್ಣದಲ್ಲಿ ಬರೆದು ತೋರಿಸುವ ಇಂಥ ರಾಸಾಯನಿಕ ಅಪರೂಪ.

ಮೊನ್ನೆ ಎರಡು ಗಾಜಿನ ಲೋಟಗಳಲ್ಲಿ ಇದನ್ನು ಮತ್ತೆ ನೋಡಿದೆ. ಒಂದರಲ್ಲಿ ಚೆನ್ನಾಗಿ ತೊಳೆದ ಹೊಳೆಮರಳು, ಇನ್ನೊಂದರಲ್ಲಿ ಹೂಕುಂಡದ ಗೊಬ್ಬರಮಣ್ಣು. ಎರಡಕ್ಕೂ ಒಂದೇ ಅಳತೆಯ ನೇರಳೆ ನೀರು ಸುರಿದೆ. ಸಂಜೆ ನೋಡಿದರೆ ಮರಳಿನ ಲೋಟ ನೇರಳೆಯಾಗಿಯೇ ಇತ್ತು, ಗೊಬ್ಬರಮಣ್ಣಿನದು ಚಹಾದ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ವಿಷವೇನೂ ಇರಲಿಲ್ಲ. ಕೊಳೆತ ಎಲೆ, ಬೇರಿನ ಚೂರು, ಸಗಣಿಯ ಅಂಶ, ಇವೇ ಪರ್ಮಾಂಗನೇಟನ್ನೆಲ್ಲ ಕುಡಿದುಬಿಟ್ಟಿದ್ದವು. ನೆಲ ಶುದ್ಧಿ ಮಾಡುವವರಿಗೆ ದೊಡ್ಡ ತಲೆನೋವು ಇದೇ. ಸುರಿದ ಔಷಧದಲ್ಲಿ ಮೊದಲ ಪಾಲು ಮಣ್ಣಿನದು, ಮಿಕ್ಕದ್ದು ವಿಷಕ್ಕೆ. ಅದಕ್ಕೇ ಮೊದಲು ಆ ಜಾಗದ ಮಣ್ಣು ತಂದು, ಅದು ಎಷ್ಟು ಕುಡಿಯುತ್ತದೆಂದು ಅಳೆಯುತ್ತಾರೆ. 'ಎಷ್ಟು ಹಾಕಬೇಕು' ಎಂಬ ಪ್ರಶ್ನೆಗೆ ದೂರದಲ್ಲಿ ಕೂತು ಉತ್ತರ ಹೇಳಲಾಗದ್ದು ಇದಕ್ಕೇ.

ಪರ್ಮಾಂಗನೇಟಿಗೆ ಹೇಳಿಮಾಡಿಸಿದ ಶತ್ರುವೊಂದಿದೆ: ಟ್ರೈಕ್ಲೋರೋಎಥಿಲೀನ್. ಯಂತ್ರಭಾಗಗಳ ಜಿಡ್ಡು ತೊಳೆಯಲು ಕಾರ್ಖಾನೆಗಳಲ್ಲಿ ಬಳಸಿದ ದ್ರಾವಕ ಇದು. ನೀರಿಗಿಂತ ಭಾರ, ಹಾಗಾಗಿ ನೆಲಕ್ಕೆ ಚೆಲ್ಲಿದ್ದು ಅಂತರ್ಜಲದ ತಳಕ್ಕಿಳಿದು ಕೂತುಬಿಡುತ್ತದೆ. ಅದರ ಎರಡು ಇಂಗಾಲದ ಪರಮಾಣುಗಳ ನಡುವೆ ಜೋಡಿಬಂಧವಿದೆ. ಪರ್ಮಾಂಗನೇಟ್ ನೇರ ಅಲ್ಲಿಗೇ ಕೈ ಹಾಕಿ ಅಣುವನ್ನು ಮುರಿಯುತ್ತದೆ. ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ಅಡುಗೆ ಉಪ್ಪಿನಲ್ಲಿರುವಂಥ ಕ್ಲೋರೈಡ್, ಒಂದಿಷ್ಟು ಕಂದು ಪುಡಿ. ಕೆನಡಾದ ಬೋರ್ಡನ್ ಸೇನಾನೆಲೆಯ ಮರಳು ನೆಲದಲ್ಲಿ ವಾಟರ್‌ಲೂ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇಂಥ ದ್ರಾವಕಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದರು. ಮಣ್ಣು ಅಗೆದು ಲಾರಿಗೆ ತುಂಬುವ ಬದಲು ಕೊಳವೆ ಇಳಿಸಿ ಔಷಧ ಹರಿಸುವ ವಿಧಾನ ಇದು.

ಆದರೆ ಪೆಟ್ರೋಲಿನಲ್ಲಿರುವ ಬೆಂಜೀನ್? ಆರು ಇಂಗಾಲಗಳು ಉಂಗುರವಾಗಿ ಕೈಕೈ ಹಿಡಿದು ನಿಂತ ಅಣು ಅದು. ಎಲೆಕ್ಟ್ರಾನುಗಳನ್ನು ಆರೂ ಸೇರಿ ಹಂಚಿಕೊಂಡಿವೆ. ಎಲ್ಲಿ ಹಿಡಿದು ಮುರಿಯಬೇಕೆಂದು ಪರ್ಮಾಂಗನೇಟಿಗೆ ಜಾಗವೇ ಸಿಗುವುದಿಲ್ಲ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ನಿಮ್ಮ ಬಾವಿ ನೀರು ಗುಲಾಬಿಯಾದರೂ ಅದು ಅಲ್ಲೇ ಇರುತ್ತದೆ. ಗುಲಾಬಿ ಬಣ್ಣ ಕಂಡರೆ ನೀರು ಶುದ್ಧ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಔಷಧ ಇನ್ನೂ ಉಳಿದಿದೆ ಎಂಬುದಷ್ಟೇ ಅದರ ಅರ್ಥ.

ಈ ಉಂಗುರ ಮುರಿಯುವ ಉಪಾಯ ಹುಟ್ಟಿದ್ದು ಹುಳಿಯಿಂದ. 1876ರಲ್ಲಿ ಕೇಂಬ್ರಿಡ್ಜ್‌ನ ವಿದ್ಯಾರ್ಥಿ ಹೆನ್ರಿ ಫೆಂಟನ್ ಟಾರ್ಟಾರಿಕ್ ಆಮ್ಲಕ್ಕೆ (ನಮ್ಮ ಹುಣಸೆಹಣ್ಣಿನ ಹುಳಿ ಇದೇ) ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದಾಗ ನೇರಳೆ ಬಣ್ಣವೊಂದು ಕಂಡಿತು. 1894ರಲ್ಲಿ ಅದರ ವಿವರವಾದ ಪ್ರಬಂಧ ಬಂತು. ಅಲ್ಲಿ ಹುಟ್ಟುವುದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂದು 1934ರಲ್ಲಿ ಹೇಬರ್ ಮತ್ತು ವೈಸ್ ಸೂಚಿಸಿದರು. ಒಂದು ಆಕ್ಸಿಜನ್, ಒಂದು ಹೈಡ್ರೋಜನ್, ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್, ಇಷ್ಟೇ ಅದು. ಬೆಂಜೀನ್ ಉಂಗುರವೂ ಅದಕ್ಕೆ ತಡೆಯಲಾರದು. ಆಯಸ್ಸು ನ್ಯಾನೊಸೆಕೆಂಡುಗಳಲ್ಲಿ, ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರ ಒಂದು ಚೂರು ಒಂದು ನ್ಯಾನೊಸೆಕೆಂಡ್. ಅಷ್ಟರಲ್ಲಿ ಪಕ್ಕದಲ್ಲಿ ಸಿಕ್ಕಿದ್ದನ್ನು ಸುಟ್ಟು ತಾನೂ ಮುಗಿಯುತ್ತದೆ. ಅದನ್ನು ಡಬ್ಬಿಯಲ್ಲಿ ತುಂಬಿ ತರಲು ಸಾಧ್ಯವೇ ಇಲ್ಲ. ವಿಷದ ಅಣುವಿನ ಮಗ್ಗುಲಲ್ಲೇ ಹುಟ್ಟಿಸಬೇಕು. ಪೆರಾಕ್ಸೈಡನ್ನೂ ಕಬ್ಬಿಣವನ್ನೂ ನೆಲದಾಳಕ್ಕೆ ಹರಿಸಿ, ಅವು ಅಲ್ಲೇ ಸಂಧಿಸುವಂತೆ ಮಾಡುವುದೇ ಇದರ ಜಾಣ್ಮೆ. ಇದನ್ನು ಓದಿದ ದಿನ ನನಗೆ ನಿದ್ದೆಯೇ ಬರಲಿಲ್ಲ.

ಹಾಗಂತ ಪೆರಾಕ್ಸೈಡ್ ತಂದು ಬಾವಿಗೆ ಸುರಿಯಬೇಡಿ. ಆ ಕ್ರಿಯೆಯಲ್ಲಿ ಬಿಸಿಯೂ ಆಕ್ಸಿಜನ್ನೂ ಹೊರಬರುತ್ತವೆ. ಪೆಟ್ರೋಲ್ ಆವಿ ತುಂಬಿದ ಬಾವಿಯಲ್ಲಿ ಅದು ಸ್ಫೋಟಕ್ಕೆ ದಾರಿ. ಇನ್ನೊಂದು ಮಾತು: ಸುಡಬಹುದಾದದ್ದು ಅಣುವನ್ನು ಮಾತ್ರ, ಧಾತುವನ್ನಲ್ಲ. ಪಾವಗಡದ ನೀರಿನ ಫ್ಲೋರೈಡ್ ಯಾವ ಉತ್ಕರ್ಷಕಕ್ಕೂ ಕರಗಿಹೋಗದು. ಮಣ್ಣಿನಲ್ಲಿ ಕ್ರೋಮಿಯಂ ಇದ್ದರಂತೂ ಅಷ್ಟೇನೂ ಕೇಡು ಮಾಡದ ಅದರ ರೂಪವೇ ವಿಷಕಾರಿ ರೂಪಕ್ಕೆ ತಿರುಗುವ ಅಪಾಯವಿದೆ. 'ಕೆಮಿಕಲ್ ಹಾಕಿದರೆ ಎಲ್ಲ ಶುದ್ಧ' ಎನ್ನುವವರೂ, 'ಕೆಮಿಕಲ್ ಅಂದರೇ ವಿಷ' ಎನ್ನುವವರೂ ಯಾವ ಕೆಮಿಕಲ್, ಯಾವ ವಿಷಕ್ಕೆ ಎಂದು ಕೇಳುವುದೇ ಇಲ್ಲ.

ನಿಮಗೆ ಹೇಳುವುದಿಷ್ಟು. ಆ ನೀರು ಬಳಸುವುದನ್ನು ಇಂದೇ ನಿಲ್ಲಿಸಿ, ದನಕರುಗಳಿಗೂ ಕೊಡಬೇಡಿ. ಬಾವಿಕಟ್ಟೆಯ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ, ಪಂಪಿನ ಸ್ವಿಚ್ ಕೂಡ ಹಾಕಬೇಡಿ. ಬಂಕಿನವರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಿ. ನೆಲದಡಿಯ ಟ್ಯಾಂಕ್ ಸೋರುತ್ತಿದ್ದರೆ ಮೊದಲು ಅದು ನಿಲ್ಲಬೇಕು. ಸೋರುವುದು ನಿಲ್ಲದೆ ಎಷ್ಟು ಸುಟ್ಟರೂ ತೀರುವುದಿಲ್ಲ. ದೊಡ್ಡಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಕಾಲರಾದ ಕಾಲಕ್ಕೆ ಅವರ ಹರಳು ಸರಿಯಾಗಿಯೇ ಇತ್ತು.